ನಾನು ಓದದೆ ಬಿಟ್ಟ ಉಪಕಲಂ

2020ರಲ್ಲಿ ನಾನು ಡಬ್ಲಿನ್‌ನ ಸ್ಯಾಂಡಿಫರ್ಡ್‌ನಲ್ಲಿದ್ದ ಒಂದು ಸಣ್ಣ ಸಂಸ್ಥೆಯಲ್ಲಿ ಲೆಜಿಸ್ಲೇಷನ್ ಎಡಿಟರ್ ಆಗಿದ್ದೆ. ನಮ್ಮಲ್ಲಿ ಜಿಲ್ಲೆ ಇದ್ದಂತೆ ಐರ್ಲೆಂಡ್‌ನಲ್ಲಿ ಕೌಂಟಿ. ರಸ್ತೆ, ಗ್ರಂಥಾಲಯ, ಕಟ್ಟಡ ಪರವಾನಗಿ, ಬಡವರ ವಸತಿ ಎಲ್ಲವನ್ನೂ ನೋಡಿಕೊಳ್ಳುವುದು ಕೌಂಟಿ ಕೌನ್ಸಿಲ್. ಆದರೆ ಕಾನೂನು ಮಾಡುವುದು ಡಬ್ಲಿನ್‌ನ ಸಂಸತ್ತು. ಅಲ್ಲಿ ಮಂಡನೆಯಾಗುವ ಪ್ರತಿ ಮಸೂದೆಯನ್ನೂ ಮಂತ್ರಿಗಳು ಸಹಿ ಹಾಕುವ ಪ್ರತಿ ಆದೇಶವನ್ನೂ ಓದಿ, ಅದರಿಂದ ಕೌನ್ಸಿಲ್‌ಗಳ ಕೆಲಸದಲ್ಲಿ ಏನು ಬದಲಾಗುತ್ತದೆ ಎಂದು ಒಂದು ಪುಟದ ಟಿಪ್ಪಣಿ ಬರೆದು ಕಳಿಸುವುದು ನನ್ನ ಕೆಲಸ. ಹಲವು ಕೌನ್ಸಿಲ್‌ಗಳು ನಮ್ಮ ಚಂದಾದಾರರಾಗಿದ್ದವು. ಧಾರವಾಡದಲ್ಲಿ ಕಾನೂನು ಓದಿದವಳಿಗೆ ಇದು ಹೇಳಿ ಮಾಡಿಸಿದ ಕೆಲಸ ಎಂದು ನಾನು ನಂಬಿದ್ದೆ. ಮಾಮೂಲಿ ವರ್ಷದಲ್ಲಿ ಒಂದು ಮಸೂದೆ ಕಾಯ್ದೆಯಾಗಲು ತಿಂಗಳುಗಳು ಹಿಡಿಯುತ್ತವೆ. ಓದಲು, ಮತ್ತೆ ಓದಲು, ಅನುಮಾನ ಬಂದರೆ ಯಾರನ್ನಾದರೂ ಕೇಳಲು ಬೇಕಾದಷ್ಟು ಸಮಯ ಸಿಗುತ್ತಿತ್ತು.

ಆ ಮಾರ್ಚ್‌ನಲ್ಲಿ ಅದೆಲ್ಲ ತಲೆಕೆಳಗಾಯಿತು. ಆಫೀಸು ಮುಚ್ಚಿತು. ಡನ್ ಲಿಯರಿಯ ನಮ್ಮ ಫ್ಲ್ಯಾಟಿನ ಊಟದ ಮೇಜೇ ನನ್ನ ಕಚೇರಿಯಾಯಿತು. ಪತಿ ಇಮ್ರಾನ್ ಸ್ಲೈಗೋದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ವಾರಾಂತ್ಯಕ್ಕೆ ಬರುತ್ತಿದ್ದವರು, ಸೋಂಕು ಮನೆಗೆ ತರಬಾರದೆಂದು ಅಲ್ಲೇ ಉಳಿದರು. ನಾನು ಒಬ್ಬಳೇ. ಬೆಳಿಗ್ಗೆ ಎದ್ದರೆ ಮೊದಲು ಅವರ ಮೆಸೇಜ್, ಆಮೇಲೆ ಸಂಸತ್ತಿನ ಪುಟ, ಮತ್ತೆ ಅವರ ಮೆಸೇಜ್. ಮಂತ್ರಿಗಳು ಸಂಜೆ ಟಿವಿಯಲ್ಲಿ ಒಂದು ನಿಯಮ ಘೋಷಿಸುತ್ತಿದ್ದರು, ಅದರ ಪಠ್ಯ ಎರಡು ಮೂರು ದಿನದ ಮೇಲೆ ಸಿಗುತ್ತಿತ್ತು. ಅಷ್ಟರಲ್ಲಿ ಕೌನ್ಸಿಲ್‌ಗಳಿಂದ ಕರೆಗಳು: ಆಟದ ಮೈದಾನಕ್ಕೆ ಬೀಗ ಹಾಕಬೇಕೇ, ಸಭೆಯನ್ನು ಫೋನಿನಲ್ಲಿ ನಡೆಸಿದರೆ ನಿರ್ಣಯ ಊರ್ಜಿತವೇ, ಕಟ್ಟಡ ಅರ್ಜಿಗಳ ಗಡುವು ನಿಂತಿದೆಯೇ. ಚಹಾ ಮಾಡಿಟ್ಟು ಕುಡಿಯಲು ಮರೆತು, ಮತ್ತೆ ಕೆಟಲ್ ಹಾಕುತ್ತಿದ್ದೆ. ಕುಳಿತರೆ ಎದ್ದು ಓಡಾಡಬೇಕೆನಿಸುತ್ತಿತ್ತು, ಎದ್ದರೆ ಏನೋ ತಪ್ಪಿಹೋಗುತ್ತದೆಂದು ಮತ್ತೆ ಕೂರುತ್ತಿದ್ದೆ.

ತಿಂಗಳ ಕೊನೆಯಲ್ಲಿ ತುರ್ತು ಕ್ರಮಗಳ ದೊಡ್ಡ ಮಸೂದೆಯೊಂದು ಬಂತು. ಸಂಬಳ ಸಹಾಯಧನದಿಂದ ಹಿಡಿದು ಬಾಡಿಗೆಯವರೆಗೆ ಎಲ್ಲವೂ ಅದರಲ್ಲಿತ್ತು. ಸಾಂಕ್ರಾಮಿಕದ ಅವಧಿಯಲ್ಲಿ ಬಾಡಿಗೆದಾರರನ್ನು ಒಕ್ಕಲೆಬ್ಬಿಸುವಂತಿಲ್ಲ ಎಂಬುದು ಅದರ ಒಂದು ಭಾಗ. ಗುರುವಾರ ಮಸೂದೆ ಮಂಡನೆಯಾದ ರೂಪವನ್ನೇ ಇಟ್ಟುಕೊಂಡು ಟಿಪ್ಪಣಿ ಬರೆದೆ. 'ಇದು ಬಾಡಿಗೆ ಒಪ್ಪಂದಗಳಿಗೆ ಮಾತ್ರ ಅನ್ವಯ. ರಸ್ತೆಬದಿಯ ಕಾರವಾನ್ ವಾಸಕ್ಕೆ ಅನ್ವಯಿಸುವುದಿಲ್ಲ.' ವಾಹನಕ್ಕೆ ಕಟ್ಟಿ ಎಳೆಯುವ ಗಾಲಿಮನೆಗಳ ಬಗೆಗಿನ ಆ ಎರಡನೆಯ ವಾಕ್ಯವನ್ನು ಯಾರೂ ಕೇಳಿರಲಿಲ್ಲ. ಸ್ಪಷ್ಟವಾಗಿರಲಿ ಎಂದು ನಾನೇ ಸೇರಿಸಿದೆ.

ಶುಕ್ರವಾರ ಮಸೂದೆ ಕಾಯ್ದೆಯಾಯಿತು. ಸದನದಲ್ಲಿ ಚರ್ಚೆಯ ವೇಳೆ ತಿದ್ದುಪಡಿಗಳು ಸೇರಿಕೊಳ್ಳುವುದು ಮಾಮೂಲು. ಆದ್ದರಿಂದಲೇ ಮಂಡನೆಯಾದ ರೂಪವನ್ನೂ ಅಂಗೀಕಾರವಾದ ರೂಪವನ್ನೂ ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ಹೋಲಿಸಿ ನೋಡುವುದು ನಮ್ಮ ಕೆಲಸದ ಮೊದಲ ನಿಯಮ. ಹೊಸಬರಿಗೆ ಅದನ್ನು ಕಲಿಸುತ್ತಿದ್ದವಳೂ ನಾನೇ. ಆ ಶುಕ್ರವಾರ ಇಮ್ರಾನ್‌ಗೆ ಜ್ವರ. ಪರೀಕ್ಷೆಯ ಫಲಿತಾಂಶ ಬಂದಿರಲಿಲ್ಲ. ಗಂಟೆಗೆ ನಾಲ್ಕು ಸಲ ಫೋನ್ ನೋಡುತ್ತಿದ್ದೆ. 'ಮಸೂದೆ ಅಂಗೀಕಾರವಾಗಿದೆ, ನಿನ್ನೆಯ ಟಿಪ್ಪಣಿಯೇ ಅನ್ವಯ' ಎಂದು ಒಂದು ಸಾಲು ಬರೆದು ಎಲ್ಲರಿಗೂ ಕಳಿಸಿಬಿಟ್ಟೆ. ಸೋಮವಾರ ಇಮ್ರಾನ್‌ರ ಫಲಿತಾಂಶ ನೆಗೆಟಿವ್ ಎಂದು ಬಂತು. ಅಷ್ಟರಲ್ಲಿ ಮೇಜಿನ ಮೇಲೆ ಬೇರೆ ಆದೇಶಗಳ ರಾಶಿ ಬಿದ್ದಿತ್ತು. ಹೋಲಿಕೆಯ ಕೆಲಸ ಹಾಗೇ ಉಳಿಯಿತು.

ಏಪ್ರಿಲ್ ಮಧ್ಯದ ಒಂದು ಬುಧವಾರ ಮಧ್ಯಾಹ್ನ ಗ್ರೇಸ್ ಕರೆ ಮಾಡಿದಳು. ವಾಯವ್ಯದ ಒಂದು ಕೌಂಟಿಯ ವಸತಿ ವಿಭಾಗದ ಅಧಿಕಾರಿ. ಹೆಚ್ಚು ಮಾತಿನವಳಲ್ಲ.

"ನಿಮ್ಮ ಟಿಪ್ಪಣಿ ನೋಡ್ತಿದ್ದೆ. ಕಾರವಾನ್‌ಗಳಿಗೆ ಅನ್ವಯ ಆಗಲ್ಲ ಅಂತಿದೆ, ಅಲ್ವಾ?"

"ಹೌದು, ಆಗಲ್ಲ."

"ಇಲ್ಲಿ ಒಂದು ಟ್ರಾವೆಲರ್ ಕುಟುಂಬ ಇದೆ. ರಸ್ತೆ ಪಕ್ಕದ ಲೇ-ಬೈಯಲ್ಲಿ ಎರಡು ಕಾರವಾನ್. ರಸ್ತೆ ವಿಭಾಗದವರಿಗೆ ಆ ಜಾಗ ಬೇಕಂತೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಎಬ್ಬಿಸ್ತಾರೆ. ಸರಿ ಹಾಗಾದ್ರೆ."

ಟ್ರಾವೆಲರ್‌ಗಳು ಐರ್ಲೆಂಡ್‌ನದೇ ಒಂದು ಹಳೆಯ ಅಲೆಮಾರಿ ಸಮುದಾಯ. ಈಗ ಬಹಳ ಮಂದಿ ಮನೆಗಳಲ್ಲಿದ್ದರೂ ಕೆಲವರಿಗೆ ಇಂದಿಗೂ ಕಾರವಾನೇ ಮನೆ. ಲೇ-ಬೈ ಎಂದರೆ ವಾಹನ ನಿಲ್ಲಿಸಲು ರಸ್ತೆಯ ಬದಿಯಲ್ಲಿ ಬಿಟ್ಟ ಜಾಗ. ಗ್ರೇಸ್ ಫೋನ್ ಇಟ್ಟಳು. ನಾನು ಮುಂದಿನ ಆದೇಶ ತೆರೆದೆ. ಮೂರು ಪುಟ ಓದಿದರೂ ಒಂದು ಅಕ್ಷರ ತಲೆಗೆ ಹೋಗಲಿಲ್ಲ.

ಸಂಜೆ ಇಮ್ರಾನ್ ಜೊತೆ ಮಾತಾಡುವಾಗ ಇದನ್ನು ಹೇಳಿದೆ. ಅವರಿಗೆ ಕಾನೂನಿನ ಗಂಧವಿಲ್ಲ.

"ಎಲ್ಲರೂ ಮನೇಲೇ ಇರಿ ಅಂತ ಹೇಳ್ತಿರೋ ಸರ್ಕಾರ, ಮನೆಯನ್ನೇ ಎಳ್ಕೊಂಡು ಹೋಗೋಕೆ ಬಿಡ್ತದಾ? ನೀನು ಸರಿಯಾಗಿ ಓದಿದೀಯಾ?" ಎಂದರು.

"ಓದಿದೀನಿ ರೀ," ಎಂದೆ. ಓದಿದ್ದು ಯಾವ ರೂಪವನ್ನು ಎಂಬುದು ಆಗ ನೆನಪಾಗಲಿಲ್ಲ. ಏನೋ ಸರಿಯಿಲ್ಲ ಎಂಬುದಷ್ಟೇ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಎಂಟೂವರೆಗೆ ಕಾಯ್ದೆಯ ಅಂತಿಮ ಪಠ್ಯ ತೆರೆದೆ. ಬಾಡಿಗೆಯ ಭಾಗದ ಕೊನೆಯಲ್ಲಿ, ಮಂಡನೆಯಾದಾಗ ಇರದಿದ್ದ ಒಂದು ಉಪಕಲಂ. ತುರ್ತು ಅವಧಿಯಲ್ಲಿ ಟ್ರಾವೆಲರ್‌ಗಳನ್ನು ಅವರಿರುವ ಜಾಗದಿಂದ ಎಬ್ಬಿಸುವಂತಿಲ್ಲ. ಅವರದೇ ರಕ್ಷಣೆಗೆ ಅಗತ್ಯವಾದರೆ, ಅದೂ ಅವರೊಂದಿಗೆ ಮಾತಾಡಿದ ಮೇಲೆ ಮಾತ್ರ ಸ್ಥಳಾಂತರಿಸಬಹುದು ಎಂಬುದು ಅದರ ತಾತ್ಪರ್ಯ. ಸಮುದಾಯದ ಹೆಸರನ್ನೇ ಬರೆದಿದ್ದರು. ಸುಮಾರು ಮೂರು ವಾರದಿಂದ ಅದು ಅಲ್ಲೇ ಇತ್ತು. ನಾನು ಅದಕ್ಕೆ ತದ್ವಿರುದ್ಧವಾದುದನ್ನು ಬರೆದು ಊರಿಗೆಲ್ಲ ಹಂಚಿದ್ದೆ.

ಗ್ರೇಸ್‌ಗೆ ಫೋನ್ ಮಾಡಿದೆ. ನನ್ನ ಬಳಿ ಇದ್ದದ್ದು ಅವಳ ಆಫೀಸಿನ ನಂಬರ್. ಹಿಂದಿನ ದಿನ ಅವಳು ಕರೆ ಮಾಡಿದ್ದು ನಂಬರ್ ತೋರಿಸದ ಫೋನಿನಿಂದ. ಆಫೀಸಿನಲ್ಲಿ ಯಾರಿರುತ್ತಾರೆ? ಖಾಲಿ ಕೋಣೆಯಲ್ಲಿ ಫೋನ್ ರಿಂಗಾಗುತ್ತಲೇ ಇತ್ತು. ಇಮೇಲ್ ಹಾಕಿದೆ, ಉತ್ತರವಿಲ್ಲ. ಕೌನ್ಸಿಲ್‌ನ ಮುಖ್ಯ ನಂಬರಿಗೆ ಮಾಡಿದರೆ ಧ್ವನಿಮುದ್ರಿತ ಸಂದೇಶ. ರಸ್ತೆ ವಿಭಾಗ, ಮತ್ತೆ ಖಾಲಿ ಕೋಣೆ. ಗಂಟೆ ಒಂಬತ್ತು ದಾಟಿ ಹತ್ತು ನಿಮಿಷ. ಮನೆಯಿಂದ ಎರಡು ಕಿಲೋಮೀಟರ್ ದಾಟಿ ಹೋಗಬಾರದೆಂಬ ನಿಯಮವಿತ್ತು. ಹೋಗಬಹುದಾಗಿದ್ದರೂ ಆ ಕೌಂಟಿಗೆ ಮೂರು ಗಂಟೆಯ ದಾರಿ.

ನಮ್ಮ ಹಿರಿಯ ಸಂಪಾದಕ ವಿಲ್ಫ್ರೆಡ್ ಸರ್‌ಗೆ ಕರೆ ಮಾಡಿದೆ. ಕುಂದಾಪುರದ ಕಡೆಯವರು, ಇಪ್ಪತ್ತು ವರ್ಷದಿಂದ ಡಬ್ಲಿನ್‌ನಲ್ಲಿದ್ದರೂ ನನ್ನೊಂದಿಗೆ ಕನ್ನಡವೇ. ವಿಷಯ ಹೇಳಿದೆ.

"ಅಲ್ಲ ಮಾರಾಯ್ರೆ, ಅಲ್ಲಿ ಫೋನ್ ಎತ್ತುವವರು ಯಾರೂ ಇಲ್ವಾ?"

"ಯಾರೂ ಇಲ್ಲ ಸರ್."

"ವಯಸ್ಸಾದವರಿಗೆ ಸಾಮಾನು ತಲುಪಿಸ್ಲಿಕ್ಕೆ ಎಲ್ಲ ಕೌನ್ಸಿಲ್‌ನವರೂ ಈಗ ಒಂದು ಹೆಲ್ಪ್‌ಲೈನ್ ಶುರು ಮಾಡಿದ್ದಾರಲ್ಲ. ಅದನ್ನು ಎತ್ತಲೇಬೇಕು. ಅಲ್ಲಿಗೆ ಮಾಡಿ ನೋಡಿ."

ಆ ಹೆಲ್ಪ್‌ಲೈನ್ ಬಗ್ಗೆ ಟಿಪ್ಪಣಿ ಬರೆದವಳು ನಾನೇ. ಹೊಳೆದಿರಲಿಲ್ಲ. ಎರಡನೇ ರಿಂಗಿಗೇ ಒಬ್ಬ ಎತ್ತಿಕೊಂಡ. ಹೆಸರು ಡೆಕ್ಲನ್. ಊರಿನ ಗ್ರಂಥಪಾಲಕ, ಗ್ರಂಥಾಲಯ ಮುಚ್ಚಿದ್ದರಿಂದ ಅವನನ್ನು ಈ ಕೆಲಸಕ್ಕೆ ಹಾಕಿದ್ದರು. ಏನು ಬೇಕು, ಔಷಧವೇ, ದಿನಸಿಯೇ ಎಂದು ಕೇಳಿದ. ನಾನು ಕಾಯ್ದೆಯ ಹೆಸರು, ಕಲಂ, ಉಪಕಲಂ ಎಂದು ಒಂದೇ ಉಸಿರಿಗೆ ಶುರುಮಾಡಿದೆ. ಅವನು ನನ್ನನ್ನು ತಡೆದ.

"ನಿಧಾನ. ಏನು ನಿಲ್ಲಿಸಬೇಕು ಅಷ್ಟು ಹೇಳಿ."

"ಲೇ-ಬೈಯಿಂದ ಎರಡು ಕಾರವಾನ್ ಎಬ್ಬಿಸ್ತಿದ್ದಾರೆ. ಕಾನೂನು ಅದಕ್ಕೆ ಬಿಡೋದಿಲ್ಲ. ಬಿಡುತ್ತೆ ಅಂತ ಹೇಳಿದವಳು ನಾನು. ಅದು ತಪ್ಪು."

"ನೆಲ್ಲಿ ಅಜ್ಜಿಯ ಜಾಗ," ಎಂದ. "ಅವರ ಮೊಮ್ಮಕ್ಕಳು ನಮ್ಮ ಲೈಬ್ರರಿಗೆ ಬರ್ತಾರೆ. ಇಂಜಿನಿಯರ್ ಮೊಬೈಲ್ ನಂಬರ್ ನನ್ನ ಹತ್ರ ಇದೆ. ಆ ಉಪಕಲಂ ನನಗೆ ಕಳಿಸಿ, ಈಗಲೇ."

ಕಳಿಸಿದೆ. ಒಂಬತ್ತು ಮೂವತ್ತೈದು. ಆಮೇಲಿನ ಒಂದು ಗಂಟೆ ನಾನು ಏನು ಮಾಡಿದೆನೋ ಹೇಳಲಾರೆ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ಸಮುದ್ರದೊಳಕ್ಕೆ ಚಾಚಿದ ಪಿಯರ್ ಮೇಲೆ ಜನ ದೂರದೂರವಾಗಿ ನಡೆಯುತ್ತಿದ್ದುದು ಕಾಣುತ್ತಿತ್ತು.

ಹತ್ತು ಮುಕ್ಕಾಲಿಗೆ ಗ್ರೇಸ್ ಕರೆ ಮಾಡಿದಳು. ಸಿಬ್ಬಂದಿ ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಬಂದಿದ್ದರು. ಡೆಕ್ಲನ್‌ನ ಕರೆ ಇಂಜಿನಿಯರ್‌ಗೆ ತಲುಪುವ ಹೊತ್ತಿಗೆ ಒಂದು ಕಾರವಾನನ್ನು ಎಳೆದುಕೊಂಡು ಹೋಗಿ ಆಗಿತ್ತು. ಅದು ನಿಂತಿದ್ದ ಜಾಗಕ್ಕೆ, ಮತ್ತೆ ಯಾರೂ ಬರದಂತೆ ಲಾರಿಯಿಂದ ಬಂಡೆಗಳನ್ನು ಸುರಿದಿದ್ದರು. ಎರಡನೆಯದರೊಳಗೆ ನೆಲ್ಲಿ ಇದ್ದರು. ಎಪ್ಪತ್ತು ದಾಟಿದ ಮುದುಕಿ, ಶ್ವಾಸಕೋಶದ ಕಾಯಿಲೆ. ಹೊರಗೆ ಬರುವುದಿಲ್ಲ ಎಂದು ಬಾಗಿಲು ಹಾಕಿಕೊಂಡಿದ್ದರು. ಕೆಲಸ ಅಲ್ಲಿಗೆ ನಿಂತಿತು. ಮಧ್ಯಾಹ್ನ ಬಂಡೆಗಳನ್ನು ಎತ್ತಿಸಿ, ಮೊದಲ ಕಾರವಾನನ್ನು ವಾಪಸು ತಂದು ನಿಲ್ಲಿಸುತ್ತೇವೆ ಎಂದಳು. ಎಳೆದಾಟದಲ್ಲಿ ಅದರ ಗಾಲಿಯ ಅಚ್ಚು ಬಾಗಿತ್ತು.

"ನಾನು ನಿಮ್ಮನ್ನ ಕೇಳಿದ್ದೆ," ಎಂದಳು ಗ್ರೇಸ್. ಧ್ವನಿ ಏರಿಸಲಿಲ್ಲ. ಅಷ್ಟೇ ಹೇಳಿ ಇಟ್ಟಳು.

ಉಳಿದ ಕೌನ್ಸಿಲ್‌ಗಳಿಗೂ ನಾನು ಅದನ್ನೇ ಹೇಳಿದ್ದೆನಲ್ಲ. ಆ ಮಧ್ಯಾಹ್ನವೇ ಹೊಸ ಟಿಪ್ಪಣಿ ಬರೆದು ವಿಲ್ಫ್ರೆಡ್ ಸರ್‌ಗೆ ತೋರಿಸಿದೆ. ಅವರು ಪಠ್ಯ ಮುಟ್ಟಲಿಲ್ಲ, ವಿಷಯದ ಸಾಲಿನಲ್ಲಿ ಮಾತ್ರ ನಾನು ಬರೆದ 'ಕರೆಕ್ಷನ್' ತೆಗೆದು 'ಅಪ್‌ಡೇಟ್' ಎಂದು ಹಾಕಿದ್ದರು.

"ಅಪ್‌ಡೇಟ್ ಅಂದ್ರೆ ಕಾನೂನು ಬದಲಾಯ್ತು ಅಂತ ಆಗ್ತದೆ ಸರ್. ಕಾನೂನು ಬದಲಾಗಿಲ್ಲ. ನಾನು ಓದಿರಲಿಲ್ಲ," ಎಂದು ಫೋನ್ ಮಾಡಿ ಹೇಳಿದೆ.

"ಗಿರಾಕಿಗಳು ಹೋಗ್ತಾರೆ ಸಲ್ಮಾ."

"ಅಪ್‌ಡೇಟ್ ಅಂದ್ರೆ ನಿಧಾನವಾಗಿ ಓದ್ತಾರೆ. ಕರೆಕ್ಷನ್ ಅಂದ್ರೆ ತಕ್ಷಣ ತೆಗೀತಾರೆ. ಬೇರೆ ಕಡೆ ನಾಳೆ ಬೆಳಿಗ್ಗೆ ಏನಿದೆಯೋ ನಮಗೆ ಗೊತ್ತಿಲ್ಲ."

ಅವರು ಉಸಿರುಬಿಟ್ಟದ್ದು ಕೇಳಿಸಿತು. "ಕಳಿಸಿ. ಕೆಳಗೆ ನನ್ನ ಹೆಸರೂ ಹಾಕಿ. ಮೇಲೆ ನೋಡಬೇಕಾದವನು ನಾನೂ ನೋಡ್ಲಿಲ್ಲ."

ಕನ್ನಡದಲ್ಲಿ ಮಸೂದೆಗೆ ಸದನ ಮಾಡುವುದನ್ನೂ ತಪ್ಪಿಗೆ ನಾವು ಮಾಡುವುದನ್ನೂ ತಿದ್ದುಪಡಿ ಎಂದೇ ಕರೆಯುತ್ತೇವೆ. ಸದನ ತನ್ನ ಪಾಲಿನದನ್ನು ಸುಮಾರು ಮೂರು ವಾರ ಮೊದಲೇ ಮಾಡಿ ಮುಗಿಸಿತ್ತು. ಸಂಜೆಯೊಳಗೆ ಇನ್ನೆರಡು ಕೌನ್ಸಿಲ್‌ಗಳಿಂದ ಇಮೇಲ್ ಬಂತು. ಮುಂದಿನ ವಾರ ಇಟ್ಟುಕೊಂಡಿದ್ದ ತೆರವು ಕೈಬಿಟ್ಟಿದ್ದೇವೆ ಎಂದು. ಒಂದು ಕೌನ್ಸಿಲ್ ಚಂದಾ ನಿಲ್ಲಿಸಿತು. ಗ್ರೇಸ್‌ಳದಲ್ಲ.

ಜೂನ್ ಕೊನೆಗೆ ಕೌಂಟಿ ಗಡಿ ದಾಟಲು ಅನುಮತಿ ಸಿಕ್ಕಿತು. ಜುಲೈನಲ್ಲಿ ಇಮ್ರಾನ್‌ರನ್ನು ನೋಡಲು ಸ್ಲೈಗೋಗೆ ಹೊರಟವಳು, ಗ್ರೇಸ್‌ಗೆ ಹೇಳಿ ದಾರಿ ಬದಲಿಸಿ ಆ ಲೇ-ಬೈಗೆ ಹೋದೆ. ಹೋಗಿ ಏನು ಹೇಳಬೇಕೆಂದು ತಿಳಿದಿರಲಿಲ್ಲ. ಕಾರು ನಿಲ್ಲಿಸಿ ಐದು ನಿಮಿಷ ಸ್ಟಿಯರಿಂಗ್ ಹಿಡಿದೇ ಕುಳಿತಿದ್ದೆ. ನೆಲ್ಲಿ ಮೆಟ್ಟಿಲ ಮೇಲೆ ಕುಳಿತು ಬಟಾಣಿ ಸುಲಿಯುತ್ತಿದ್ದರು. ದೂರ ನಿಂತು, ನಾನು ಯಾರೆಂದು ಹೇಳಿದೆ.

"ಫೋನ್ ಮಾಡಿ ನಿಲ್ಲಿಸಿದವಳು ನೀನಾ?"

"ಹೌದು. ಮೊದಲು ಎಬ್ಬಿಸಬಹುದು ಅಂತ ಬರೆದವಳೂ ನಾನೇ. ಅದಕ್ಕೆ ಕ್ಷಮೆ ಕೇಳೋಕೆ ಬಂದೆ."

ಅವರು ನನ್ನ ಫೋನಿನತ್ತ ಬೆರಳು ತೋರಿಸಿದರು. "ಅದೇನೋ ಕಾನೂನಿನಲ್ಲಿ ನಮ್ಮ ಹೆಸರಿದೆ ಅಂತ ಡೆಕ್ಲನ್ ಹೇಳ್ದ. ನಿನ್ನ ಫೋನಲ್ಲಿದ್ಯಾ? ಓದು."

ಓದಿದೆ. ಇನ್ನೊಮ್ಮೆ ಓದು ಎಂದರು. ಮತ್ತೆ ಓದಿದೆ. ಕೈಯಲ್ಲಿದ್ದ ಬಟಾಣಿಯನ್ನು ಬಟ್ಟಲಿಗೆ ಹಾಕಿ ಕೇಳಿದರು:

"ಎಲ್ಲಿಯವರೆಗೆ?"

ನನ್ನ ಮೊದಲ ಟಿಪ್ಪಣಿಯಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ತಿದ್ದಿದ ಟಿಪ್ಪಣಿಯಲ್ಲಿ ಕೊನೆಯ ಸಾಲಿನಲ್ಲಿ, ಆವರಣದೊಳಗೆ ಇತ್ತು. ಅಲ್ಲಿಂದೀಚೆಗೆ ಸರ್ಕಾರ ಆ ತಾರೀಕನ್ನು ಮುಂದೂಡಿತ್ತು.

"ಈ ತಿಂಗಳು ಮುಗಿಯೋವರೆಗೆ," ಎಂದೆ.

"ಆಮೇಲೆ?"

"ಆಮೇಲಿನದು ಇನ್ನೂ ಬರೆದಿಲ್ಲ."

ಅವರು ಸಿಟ್ಟಾಗಲಿಲ್ಲ. "ಎಬ್ಬಿಸೋಕೆ ಬರೋವಾಗ ಎಲ್ಲರೂ ತಾರೀಕು ಹೇಳ್ತಾರೆ," ಎಂದರು. "ಇರೋಕೆ ಎಷ್ಟು ದಿನ ಅಂತ ಹೇಳಿದವಳು ನೀನೊಬ್ಬಳೇ. ಅದು ಮುಗಿಯೋ ದಿನ ನಂಗೆ ಫೋನ್ ಮಾಡು." ಮಗಳನ್ನು ಕರೆದು ನಂಬರ್ ಕೊಡಿಸಿದರು.

ತಿಂಗಳ ಕೊನೆಗೆ ಗಡುವು ಮುಗಿಯಿತು. ಫೋನ್ ಮಾಡಿ ಹೇಳಿದೆ. ನೆಲ್ಲಿಗೆ ಅದು ಮೊದಲೇ ಗೊತ್ತಿದ್ದುದರಿಂದ ಗ್ರೇಸ್‌ಳೊಂದಿಗೆ ಮಾತುಕತೆ ಅಷ್ಟರಲ್ಲಾಗಲೇ ಶುರುವಾಗಿತ್ತು. ಬೇರೆ ಜಾಗ ಸಿಗುವವರೆಗೆ ಅಲ್ಲೇ ಇರಲಿ ಎಂದು ಕೌನ್ಸಿಲ್ ಒಪ್ಪಿತು. ಮುಂದಿನ ವಸಂತದಲ್ಲಿ ನೀರು, ವಿದ್ಯುತ್ ಇರುವ ಕೌನ್ಸಿಲ್‌ನ ನಿವೇಶನದಲ್ಲಿ ಎರಡು ಕಾರವಾನ್‌ಗಳಿಗೂ ಜಾಗ ಸಿಕ್ಕಿತು ಎಂದು ಗ್ರೇಸ್ ಎರಡು ಸಾಲು ಬರೆದಳು. ಅಚ್ಚಿನ ರಿಪೇರಿಯನ್ನು ಕೌನ್ಸಿಲ್ಲೇ ಮಾಡಿಸಿಕೊಟ್ಟಿತಂತೆ.

ಆ ಕೆಲಸ ಬಿಟ್ಟು ಈಗ ಕೆಲವು ವರ್ಷವಾಯಿತು. ಅಂತಿಮ ಪಠ್ಯ ಓದದೆ ಬರೆಯಬಾರದು ಎಂಬುದು ಪಾಠವೇನೂ ಅಲ್ಲ, ಅದು ನನಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಮಾಡಲಿಲ್ಲ. ನಾನು ಕಲಿತದ್ದು ಬೇರೆ. ಟಿಪ್ಪಣಿಯನ್ನು ಅಧಿಕಾರಿಗಳಿಗೆಂದು ಬರೆಯುತ್ತೇವೆ. ಅಧಿಕಾರಿ ಕೇಳುವುದು, ನಾನೇನು ಮಾಡಬಹುದು ಎಂದು. ಆ ಕಾಯ್ದೆಯ ಅಡಿಯಲ್ಲಿ ಬದುಕುವವರು ಕೇಳುವುದು, ಇದು ಎಲ್ಲಿಯವರೆಗೆ ಎಂದು. ಆ ಜುಲೈ ನಂತರ ನಾನು ಬರೆದ ಪ್ರತಿ ಟಿಪ್ಪಣಿಯ ಮೊದಲ ಸಾಲಿನಲ್ಲಿ ಎರಡನೆಯ ಪ್ರಶ್ನೆಗೆ ಉತ್ತರವಿತ್ತು. ಉತ್ತರ ಗೊತ್ತಿಲ್ಲದಾಗ, ಗೊತ್ತಿಲ್ಲ ಎಂದು ಬರೆದೆ.