ಹುಂಜ ಬೆಂದರೂ ಬುರ್ಲಿ ಬೇಯದ ದಿನ

ಮಗಳ ಮದುವೆಯಾಗಿ ಏಳು ವರ್ಷಕ್ಕೆ ಕೂಸು ಹುಟ್ಟಿತು. ಹೆಣ್ಣುಕೂಸು. ಎಪ್ಪತ್ತೈದು-ಎಪ್ಪತ್ತಾರರ ಸುಮಾರಿನ ಮಾತು. ಮೂರನೇ ಇಯತ್ತೆಗೇ ಸಾಲಿ ಬಿಟ್ಟವನು ನಾನು, ಆ ಸಂತೋಷ ಬರೆಯಲು ನನಗೆಲ್ಲಿ ಬರಬೇಕು! ನಮ್ಮೂರು ದೇವಣಗಾಂವದಲ್ಲಿ ಕಂಡವರನ್ನೆಲ್ಲ ನಿಲ್ಲಿಸಿ ಹೇಳಿದೆ. ಹೇಳಿದವರಿಗೇ ಮತ್ತೆ ಹೇಳಿದೆ.

ಐದು ತಿಂಗಳು ತುಂಬುತ್ತಲೇ ಮಗಳ ಅತ್ತೆ ಬಾಗೇವಾಡಿಯಿಂದ ಬಂದು, ತಾಯಿ-ಕೂಸನ್ನು ನಾಳೆ ಮಧ್ಯಾಹ್ನದ ಬಸ್ಸಿಗೇ ಕರೆದೊಯ್ಯುತ್ತೇನೆ ಎಂದರು.

"ಇನ್ನೊಂದು ದಿನ ಇರ್ರಿ," ಎಂದೆ.

"ಐದು ತಿಂಗಳು ನಿಮ್ದಾತು ಬೀಗ್ರ, ಇನ್ನ ನಮ್ದು!"

ಕೂಸು ಆಗಷ್ಟೇ ನನ್ನ ಮೀಸೆ ಹಿಡಿದು ಜಗ್ಗುವುದನ್ನು ಕಲಿತಿತ್ತು. ನನಗೆ ಬೇಕಿದ್ದುದು ಒಂದೇ ಒಂದು ದಿನ.

ನಮ್ಮ ಮನೆತನದಲ್ಲಿ ಒಂದು ರೂಢಿ. ಮೊದಲ ಮೊಮ್ಮಗುವನ್ನು ಕಳಿಸುವ ದಿನ ಅಜ್ಜ ತನ್ನ ಕೈಯಾರೆ ಮೂರು ಹಕ್ಕಿ ಸುಡಬೇಕು. ಹುಂಜದೊಳಗೆ ಕೌಜುಗ, ಕೌಜುಗದೊಳಗೆ ಬುರ್ಲಿ. ಎಲ್ಲಕ್ಕೂ ಒಳಗಿನ ಆ ಪುಟ್ಟ ಬುರ್ಲಿ ಬಾಣಂತಿಯ ಪಾಲು. ಅದನ್ನು ಉಣ್ಣದೆ ಅವಳು ತವರಿನ ಹೊಸ್ತಿಲು ದಾಟುವಂತಿಲ್ಲ.

ಮರುದಿನ ಮುಂಜಾನೆ ನನ್ನ ಹೆಂಡತಿ ಬುರ್ಲಿಯ ಹೊಟ್ಟೆಗೆ ಶೇಂಗಾ, ಕೊಬ್ಬರಿ, ಬೆಳ್ಳುಳ್ಳಿ ಅರೆದು ತುಂಬಿ, ಒಂದರೊಳಗೊಂದು ಇಟ್ಟು, ಕೌದಿ ಹೊಲಿಯುವ ಸೂಜಿಯಿಂದಲೇ ಹುಂಜವನ್ನು ಹೊಲಿದಳು. ನಾನು ಎಲೆ ಸುತ್ತಿ, ಎರೆಮಣ್ಣು ಮೆತ್ತಿ, ಹಿತ್ತಲಲ್ಲಿ ಕುಣಿ ತೋಡಿ, ಸೆಗಣಿ ಕುಳ್ಳಿನ ಕೆಂಡದಲ್ಲಿ ಹೂಳುವಷ್ಟರಲ್ಲಿ ಹೊತ್ತೇರಿತ್ತು. ಎಷ್ಟು ಹೊತ್ತು ಬೇಯಬೇಕೆಂದು ಅಪ್ಪನನ್ನು ಕೇಳಿಟ್ಟುಕೊಂಡಿರಲಿಲ್ಲ. ಹಸಿ ಜೋಳದ ತೆನೆ ಸುಟ್ಟು ಸೀತನಿ ಮಾಡುವ ಲೆಕ್ಕವೊಂದೇ ನನಗೆ ಗೊತ್ತು. ಸೀತನಿಗೆ ಒಂದು ಸಲ ಎಲೆ-ಅಡಿಕೆ ಜಗಿಯುವಷ್ಟು ಹೊತ್ತು ಸಾಕು. ಹಕ್ಕಿ ಮೂರಲ್ಲವೇ? ಮೂರು ಸಲ ಜಗಿದು ತೆಗೆದೆ.

ಮಣ್ಣು ಒಡೆದರೆ ಘಮ್ಮೆಂದಿತು. ಹುಂಜದ ತೊಗಲು ಬಂಗಾರದ ಬಣ್ಣ. ಆದರೆ ಕೌಜುಗ ಕೊಯ್ದರೆ ಒಳಗೆಲ್ಲ ನಸುಗೆಂಪು, ಬುರ್ಲಿಯಿಂದ ರಕ್ತದ ನೀರು ಸೋರಿತು.

"ಹುಂಜ ಸುಟ್ಟೀರಿ, ಬುರ್ಲಿ ಇನ್ನಾ ಹಾರಾಕತ್ತೈತಿ ನೋಡ್ರಿ!" ಎಂದಳು ಹೆಂಡತಿ.

"ಅಯ್ಯ, ಬಸ್ಸಿನ ಹೊತ್ತಾತು!" ಎಂದರು ಬೀಗಿತಿ.

ಮಗಳು ತಲೆ ಎತ್ತದೆ, ಮೆಲ್ಲಗೆ, "ನನ್ನ ಪಾಲು ಉಣ್ಣದ ಹೆಂಗ ಬರ್ಲಿರಿ, ಅತ್ತಿ?" ಎಂದಳು.

ಮತ್ತೆ ಎಲೆ, ಮತ್ತೆ ಮಣ್ಣು, ಮತ್ತೆ ಕೆಂಡ. ಊರ ಬಾಗಿಲು ಅಗಸಿಯ ಕಡೆ ಬಸ್ಸಿನ ಹಾರ್ನು ಕೇಳಿತು, ದೂರವಾಗುತ್ತ ಸಣ್ಣಗಾಯಿತು, ಕೇಳದೇ ಹೋಯಿತು. ಬೀಗಿತಿ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದರು.

"ಖರೇ ಹೇಳ್ರಿ ಬೀಗ್ರ, ಬೇಕಂತನ ಹಸೀದು ತೆಗದ್ರಿಲ್ಲೋ?"

"ನಿಮ್ಮಾಣಿ ಇಲ್ರಿ!"

ಅದು ಖರೆಯೇ. ಎರಡನೇ ಸಲ ಕೆಂಡ ಎಳೆಯುವಾಗ ನಾನು ಸ್ವಲ್ಪವೂ ಅವಸರ ಮಾಡಲಿಲ್ಲ, ಅದೂ ಖರೆಯೇ. ಬೀಗಿತಿ ನಕ್ಕುಬಿಟ್ಟರು. ಸಂಜೆ ಮಗಳು ಬುರ್ಲಿ ತಿಂದು ಬೆರಳು ನೆಕ್ಕಿದಳು. ಕೂಸು ನನ್ನ ತೊಡೆಯ ಮೇಲೆ ಮಲಗಿ, ನಿದ್ದೆಯಲ್ಲೂ ಮೀಸೆ ಬಿಡಲಿಲ್ಲ.

ಮರುದಿನ ಮುಂಜಾನೆಯ ಬಸ್ಸಿಗೆ ಹೊರಟಾಗ ಥಂಡಿಯೋ ಥಂಡಿ. ಕೂಸಿಗೆ ನನ್ನ ಹಳೇ ಧೋತರ ಸುತ್ತಿ, ಮೇಲೆ ಕೌದಿ, ಅದರ ಮೇಲೆ ಕಂಬಳಿ ಹೊದಿಸಿ ನಾನೇ ಎತ್ತಿಕೊಂಡಿದ್ದೆ. ಬಸ್ಸು ಬಂದು ನಿಂತಿತು. ಕಡೆಯದೊಂದು ಸಲ ಮುಖ ನೋಡಬೇಕೆನಿಸಿ ಕಂಬಳಿ ಸರಿಸಿದೆ, ಕೌದಿ ಸರಿಸಿದೆ.

"ಬೆಂದೈತೇನ್ರಿ ಬೀಗ್ರ?" ಎಂದು ಬೀಗಿತಿ ಬಸ್ಸಿನೊಳಗಿಂದ ಕೂಗಿದರು.

ಧೋತರದೊಳಗಿಂದ ಬೆಚ್ಚಗಿನ ಒಂದು ಕೈ ಹೊರಬಂದು ನನ್ನ ಮೀಸೆ ಹಿಡಿಯಿತು.