ಬಿಚ್ಚದೆ ಉಳಿದ ಮಡಿಕೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪುಸ್ತಕದಂಗಡಿಯ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಹೆಂಗಸೊಬ್ಬರು ಹೊಲಿಗೆ ಯಂತ್ರಕ್ಕೆ ಹೊದಿಸಿದ ಗೋಣಿ ತೆಗೆಯುತ್ತಾರೆ. ಯಂತ್ರಕ್ಕೆ ಎಣ್ಣೆ ಬಿಟ್ಟು, ಹಳೇ ಬನಿಯನ್ ತುಂಡಿನ ಮೇಲೆ ನಾಲ್ಕು ಹೊಲಿಗೆ ಓಡಿಸುತ್ತಾರೆ. ಮಕ್ಕಳ ಬಿಳಿ ಅಂಗಿಗೆ ಜಿಡ್ಡು ಹತ್ತಬಾರದು. ಆಮೇಲೆ ಕಾಯುತ್ತಾರೆ. ಶಾಲೆ ಶುರುವಾಗಲು ಇನ್ನೊಂದು ವಾರ. ಹೋದ ವರ್ಷ ಈ ಹೊತ್ತಿಗೆ ರಸ್ತೆಯವರೆಗೂ ಸಾಲಿತ್ತಂತೆ. ಇವತ್ತು ಎದುರಿಗಿರುವುದು ಖಾಲಿ ಸ್ಟೂಲು.

ಸುತ್ತಲಿನ ಅಪ್ಪ ಅಮ್ಮಂದಿರಿಗೆ ಇವರು ‘ಮಡಿಕೆಯಕ್ಕ’. ಬೆಳೆಯುವ ಮಕ್ಕಳ ಯೂನಿಫಾರಂ ಖರ್ಚು ಇಳಿಸುವುದೇ ಇವರ ಕಸುಬು. ಎರಡು ಅಳತೆ ದೊಡ್ಡದನ್ನೇ ಕೊಳ್ಳಿ ಎನ್ನುತ್ತಾರೆ. ಹೆಚ್ಚಾದ ಬಟ್ಟೆಯನ್ನು ಒಳಕ್ಕೆ ಮಡಿಚಿ ಹೊಲಿದು, ಮಗು ಉದ್ದವಾದ ಹಾಗೆ ವರ್ಷಕ್ಕೊಂದು ಮಡಿಕೆ ಬಿಚ್ಚಿಕೊಡುತ್ತಾರೆ. ಮೊದಲು ಬಿಚ್ಚುವುದಕ್ಕೆ ಕೆಂಪು ದಾರ, ಆಮೇಲಿನದಕ್ಕೆ ಹಳದಿ. ಸವೆದ ಕಾಲರನ್ನು ಕಿತ್ತು, ತಿರುಗಿಸಿ ಕೂರಿಸುತ್ತಾರೆ. ಅಣ್ಣನ ಪ್ಯಾಂಟು ತಮ್ಮನಿಗಾಗುತ್ತದೆ.

ಕಲಿತದ್ದು ಮನೆಯಲ್ಲೇ. “ನಂಗೆ ಎರಡು ಹೆಣ್ಣುಮಕ್ಕಳು, ಒಂದೇ ಸ್ಕರ್ಟು. ದೊಡ್ಡೋಳು ಬಿಟ್ಟಿದ್ದು ಚಿಕ್ಕೋಳಿಗೆ. ಮಡಿಕೆ ಬಿಚ್ಚಿದ ಜಾಗದಲ್ಲಿ ಗೆರೆ ಎದ್ದು ಕಾಣೋದು. ಪಾಪ, ಅದನ್ನ ಮುಚ್ಚೋಕೆ ಬ್ಯಾಗು ಮುಂದೆ ಹಿಡ್ಕೊಂಡೇ ನಡೆಯೋಳು.” ಗೆರೆಯ ಮೇಲೆ ಅದೇ ಬಣ್ಣದ ಪಟ್ಟಿ ಕೂರಿಸುವುದನ್ನು ಆಗ ಕಂಡುಕೊಂಡರು. ಮೂಟೆ ಹೊರುತ್ತಿದ್ದ ಗಂಡನ ಸೊಂಟ ಬಿದ್ದುಹೋದ ಮೇಲೆ ಯಂತ್ರ ಈ ಮೂಲೆಗೆ ಬಂತು. ಮನೆ ನಡೆಯುವುದು ಇದರಿಂದಲೇ.

ಈ ವರ್ಷ ಶಾಲೆ ಯೂನಿಫಾರಂ ಬದಲಿಸಿದೆ. ಬಣ್ಣ ಬೇರೆ. ಅಂಚನ್ನು ಬಿಸಿ ಮಾಡಿ ಅಂಟಿಸಿದ್ದಾರೆ. ಒಳಗೆ ಒಂದು ಬೆರಳಷ್ಟೂ ಬಟ್ಟೆ ಬಿಟ್ಟಿಲ್ಲ. ಬಿಚ್ಚಲು ಏನೂ ಇಲ್ಲ. ದೊಡ್ಡದು ಕೊಂಡು ಮಡಿಚಿ ಹೊಲಿದರೂ ಆ ಬಟ್ಟೆಯಲ್ಲಿ ಸೂಜಿಯ ತೂತು ಹಾಗೇ ಉಳಿಯುತ್ತದೆ. ಇದೇ ಮೂಲೆಯಲ್ಲಿ ಜೆರಾಕ್ಸ್ ಯಂತ್ರ ಇಡಬೇಕೆಂದು ಅಂಗಡಿಯ ಯಜಮಾನ ನಿನ್ನೆ ಗೋಡೆ ಅಳೆದಿದ್ದಾನೆ.

“ನನ್ನ ಟೇಪೇ ಇಸ್ಕೊಂಡ. ಗುರುತು ಹಾಕೋಕೆ ಸೀಮೆಸುಣ್ಣಾನೂ ನಂದೇ,” ಎಂದು ಮಡಿಕೆಯಕ್ಕ ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಬಿಸಿಲೇರಿದ ಮೇಲೆ ತಾಯಿಯೊಬ್ಬಳು ಬಂದು ಮೂರು ನೀಲಿ ಸ್ಕರ್ಟುಗಳನ್ನು ಯಂತ್ರದ ಮೇಲೆ ಹಾಕುತ್ತಾಳೆ.

“ಮೂರು ವರ್ಷ ಚಿಂತೆ ಇಲ್ಲ ಅಂದಿದ್ರಲ್ಲಕ್ಕಾ?”

“ಅಂದಿದ್ದೆ ಕಣಮ್ಮಾ.”

“ನಿಮ್ಮ ಮಾತು ಕೇಳಿ ದೊಡ್ಡದೇ ತಗೊಂಡೆ. ನನ್ನ ಮಗಳು ವರ್ಷಪೂರ್ತಿ ಡೇರೆ ಸುತ್ಕೊಂಡ ಹಾಗೆ ಓಡಾಡಿದ್ಲು. ಸೊಂಟಕ್ಕೆ ಸರಿಯಾಗಿ ಕೂರೋ ಹೊತ್ತಿಗೆ ಬಣ್ಣಾನೇ ಬೇರೆ!”

“ಹಿಂಗಾಗುತ್ತೆ ಅಂತ ನಂಗೇನು ಕನಸು ಬಿದ್ದಿತ್ತಾ?”

“ನಿಮಗೆ ಬೈತಿಲ್ಲಕ್ಕಾ. ಇನ್ಯಾರ ಹತ್ರ ಹೋಗಿ ಬೈಲಿ ಹೇಳಿ.”

ಹೊಸ ಯೂನಿಫಾರಂ ಮಗಳ ಅಳತೆಗೆ ಸರಿಯಾಗಿ ತಂದದ್ದಾಗಿದೆ. ಬರುವ ವರ್ಷ ಮತ್ತೆ ತರಬೇಕು. ಈ ಹಳೆಯವುಗಳಿಂದ ಸಾಮಾನಿನ ಚೀಲವನ್ನಾದರೂ ಮಾಡಿಕೊಡಿ ಎನ್ನುತ್ತಾಳೆ.

ಮಡಿಕೆಯಕ್ಕ ಬ್ಲೇಡು ಹಿಡಿಯುತ್ತಾರೆ. ಮೊದಲು ಕೆಂಪು ದಾರ, ಆಮೇಲೆ ಹಳದಿ. ಸ್ಕರ್ಟು ಮಾಸಿದೆ. ಮಡಿಕೆಯೊಳಗಿನ ಬಟ್ಟೆ ಮಾತ್ರ ಕಡುನೀಲಿ, ಅಂಗಡಿಯಿಂದ ತಂದ ದಿನದ ಹಾಗೆಯೇ.

“ಬಿಸಿಲೇ ಕಂಡಿಲ್ಲ ನೋಡು,” ಎನ್ನುತ್ತಾರೆ.

ತಾಯಿ ಅದನ್ನೊಮ್ಮೆ ಮುಟ್ಟಿ ಕೈ ತೆಗೆಯುತ್ತಾಳೆ.

ಮುಂದೇನು ಎಂದು ಕೇಳಿದರೆ ಮಡಿಕೆಯಕ್ಕ ತಲೆ ಎತ್ತುವುದಿಲ್ಲ. “ಯಾರ ಮನೇಲಾದ್ರೂ ಪಾತ್ರೆ ತಿಕ್ತೀನಿ. ಅದಲ್ಲ. ಹಾಕಿದ ಮಡಿಕೆ ಎಲ್ಲಾ ನಾನೇ ಬಿಚ್ಚಬೇಕು ಅಂತಿತ್ತು. ಬಿಚ್ಚೋವಾಗ ಪ್ರತಿ ಮಗೂಗೂ ಹೇಳ್ತಿದ್ದೆ, ಎಷ್ಟುದ್ದ ಆಗೋದ್ಯೋ ಕಳ್ಳಾ ಅಂತ. ಅಷ್ಟೇ.”

ಮೂರು ಚೀಲಗಳು ಮುಗಿಯುತ್ತವೆ. ಒಂದನ್ನು ತಿರುವಿ ಹಿಡಿಕೆಯ ಬುಡ ತೋರಿಸುತ್ತಾರೆ. ಹಿಂದಿನ ಗೋಡೆಯಲ್ಲಿ ಸೀಮೆಸುಣ್ಣದ ಗೆರೆಗಳಿವೆ.

“ಇಲ್ಲಿ ಎರಡು ಬೆರಳು ಬಟ್ಟೆ ಒಳಗೆ ಮಡಿಚಿದ್ದೀನಿ. ಹಿಡಿಕೆ ಕಿತ್ರೆ ತಗೊಂಡ್ಬಾ, ಬಿಚ್ಚಿ ಹಾಕ್ಕೊಡ್ತೀನಿ.”

ಎಲ್ಲಿಗೆ ತರಬೇಕು ಎಂದು ತಾಯಿ ಕೇಳುವುದಿಲ್ಲ. “ಆಗಲಿ ಅಕ್ಕಾ,” ಎನ್ನುತ್ತಾಳೆ.