ಮಂಜಿನೊಳಗಿನ ಪಾಳಿ

ಮುನೀಶ್ ಹೊಸೂರಿನ ಹತ್ತಿರದ ತಳಿ ಎಂಬ ಊರಿನ ಕಡೆಯವನು. ಇಪ್ಪತ್ತೆರಡು ವರ್ಷ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮೆಷಿನ್ನಿನ ಮುಂದೆ ನಿಂತಿದ್ದ. ಬಲಗಡೆಯಿಂದ ಒಂದು ತಗಡು ಎತ್ತಿಕೊಳ್ಳಬೇಕು, ಅಚ್ಚಿನ ಮೇಲೆ ಕೂರಿಸಬೇಕು, ಕೈ ಎರಡನ್ನೂ ಹಿಂದಕ್ಕೆ ತಂದು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಮೆಷಿನ್ನು ಧಡ್ಡೆಂದು ಇಳಿದು ಏಳುತ್ತದೆ. ಬಾಗಿದ ತಗಡನ್ನು ತೆಗೆದು ಎಡಗಡೆ ನಿಂತ ಮಾದೇಶನ ಕೈಗೆ ಕೊಡಬೇಕು. ಮಾದೇಶ್ ಅದಕ್ಕೆ ತೂತು ಹೊಡೆಯುತ್ತಾನೆ. ಅಷ್ಟೇ ಕೆಲಸ. ಆ ಸದ್ದಿನಲ್ಲಿ ಮಾತಾಡುವ ಹಾಗೇ ಇರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ, ಕೈಯಿಂದ ಕೈಗೆ ದಾಟಿಸುತ್ತಾ ನಡುವಯಸ್ಸಿಗೆ ಬಂದರು.

ಮುನೀಶನ ಕಿವಿ ಎಂದು ಮಂದವಾಯಿತೋ ಅವನಿಗೇ ತಿಳಿಯದು. ಒಂದು ದಿನ ಮನೆಯಲ್ಲಿ ಕುಕ್ಕರ್ ಕೂಗಿದ್ದು ಕೇಳಿಸಲಿಲ್ಲ. ಆಮೇಲೆ ತಾನೇ ತಗಡು ಎತ್ತಿಕೊಳ್ಳುವ ಹೊಸ ಮೆಷಿನ್ನುಗಳು ಬಂದವು. ಮಾದೇಶ್ ಹೊಸೂರಿನಲ್ಲೇ ಪಂಕ್ಚರ್ ಅಂಗಡಿ ಇಟ್ಟ. ಮುನೀಶ್ ಊರಿಗೆ ಬಂದು ಬೀನ್ಸು, ರಾಗಿ ಹಾಕಿಕೊಂಡ.

ಚೈತನ್ಯಾ ಅವನನ್ನು ಮೊದಲು ನೋಡಿದ್ದು ಆ ಬೀನ್ಸ್ ತೋಟದಲ್ಲೇ. ಹೊಸೂರಿನ ಮೇಷ್ಟ್ರೊಬ್ಬರ ಮಗಳು ಅವಳು, ಚಿತ್ರಕಲೆ ಓದಿದವಳು, ತಳಿಯ ತೋಟಗಳ ಚಿತ್ರ ಬರೆಯಲು ಬಂದಿದ್ದಳು. ಹೊಂಗೆ ಮರದ ನೆರಳಲ್ಲಿ ಕೂತ ಮನುಷ್ಯ ಅರೆಗಣ್ಣು ಮುಚ್ಚಿ, ಗಾಳಿಯಲ್ಲಿ ಏನನ್ನೋ ಎತ್ತಿ, ಕೂರಿಸಿ, ಒತ್ತಿ, ತೆಗೆದು ಪಕ್ಕಕ್ಕೆ ಕೊಡುತ್ತಿದ್ದ. ಅವಳು ಏನೋ ಕೇಳಿದಳು. ಅವನ ಕೈ ನಿಲ್ಲಲಿಲ್ಲ.

"ಅವ್ರಿಗೆ ಕೇಳ್ಸಾಕಿಲ್ಲ ಕಣಮ್ಮಾ," ಎಂದಳು ಕಳೆ ಕೀಳುತ್ತಿದ್ದ ಅವನ ಹೆಂಡತಿ ಪಾರ್ವತಮ್ಮ. "ಸುಮ್ನೆ ಕೂತ್ರೆ ಕೈ ಡ್ಯೂಟಿಗೆ ಹೋಗ್ಬುಡ್ತವೆ."

ಚೈತನ್ಯಾ ಅವತ್ತು ಚಿತ್ರ ಬರೆಯಲಿಲ್ಲ. ಎರಡು ಸಲ ಮತ್ತೆ ಬಂದಳು. ಮೂರನೇ ಸಲ ಬಂದಾಗ, ಹೊಸೂರಿನಲ್ಲಿ ಹತ್ತು ಜನರ ಮುಂದೆ ಇದನ್ನೇ ಮಾಡುತ್ತೀರಾ ಎಂದು ಕಾಗದದ ಮೇಲೆ ಬರೆದು ಕೇಳಿದಳು. ಮುನೀಶ್ ನಕ್ಕ. "ಇದರಲ್ಲಿ ನೋಡಾಕೆ ಏನೈತಮ್ಮಾ?" ಎಂದ. ಆದರೂ ಹೋದ.

ಒಂದು ಭಾನುವಾರದ ಬೆಳಗ್ಗೆ, ಶಾಲೆಯೊಂದರ ಬಯಲಲ್ಲಿ ನಲವತ್ತು ಜನ ಸೇರಿದ್ದರು. ಮೆಷಿನ್ನಿಲ್ಲ, ತಗಡಿಲ್ಲ. ಮುನೀಶ್ ಹಳೆಯ ನೀಲಿ ಅಂಗಿ ಹಾಕಿಕೊಂಡು ಬಯಲ ನಡುವೆ ನಿಂತು ಕೆಲಸ ಶುರು ಮಾಡಿದ. ಮೊದಮೊದಲು ಯಾರೋ ಕಿಸಕ್ಕೆಂದರು. ಕಾಲು ಗಂಟೆಯಾಗುವಷ್ಟರಲ್ಲಿ ಯಾರೂ ಕೆಮ್ಮುತ್ತಲೂ ಇರಲಿಲ್ಲ. ಇಲ್ಲದ ತಗಡಿನ ಭಾರ ಅವನ ಮಣಿಕಟ್ಟಿನಲ್ಲಿ ಕಾಣುತ್ತಿತ್ತು. ಇಲ್ಲದ ಮೆಷಿನ್ನು ಇಳಿದಾಗಲೆಲ್ಲ ಭುಜ ಇಷ್ಟೇ ಇಷ್ಟು ಅದುರುತ್ತಿತ್ತು.

ಆಗ ಗುಂಪಿನ ಹಿಂದಿನಿಂದ ಒಬ್ಬ ಚಪ್ಪಲಿ ಬಿಟ್ಟು ಎದ್ದು ಬಂದ. ಮಾದೇಶ್. ಅವನನ್ನು ಯಾರೂ ಕರೆದಿರಲಿಲ್ಲ. ಯಾರೋ ಹೇಳಿದ್ದು ಕೇಳಿ ಅಂಗಡಿ ಮುಚ್ಚಿ ಬಂದಿದ್ದ. ಮುನೀಶನ ಎಡಗಡೆ ನಿಂತು ಕೈ ಚಾಚಿದ. ಮುನೀಶ್ ತಿರುಗಿ ನೋಡಲಿಲ್ಲ. ಕೈಗೆ ಕೈ ಸಿಕ್ಕಿದ ಕೂಡಲೇ ಅವನ ಮುಖ ಮಾತ್ರ ನೀರು ಬಿದ್ದ ಮಣ್ಣಿನ ಹಾಗೆ ಸಡಿಲವಾಯಿತು. ಇಬ್ಬರೂ ಅರ್ಧ ಗಂಟೆ ದುಡಿದು ಪಾಳಿ ಮುಗಿಸಿದರು.

ಅದನ್ನು ಯಾರೂ ಸರಿಯಾಗಿ ಸೆರೆ ಹಿಡಿದಿರಲಿಲ್ಲ. ಒಬ್ಬರ ಫೋನಿನಲ್ಲಿ ಮೊದಲ ಏಳು ನಿಮಿಷ ಇತ್ತು, ಅಷ್ಟೇ. ಕಣ್ಣ ಮುಂದೆ ನಡೆದದ್ದು ನೋಡಿದವರ ಜೊತೆ ಎದ್ದು ಹೋಯಿತಲ್ಲ ಎಂದು ಚೈತನ್ಯಾ ಎರಡು ವಾರ ಸಂಕಟಪಟ್ಟಳು. ಆಮೇಲೆ ಇದನ್ನು ಕಿರುಚಿತ್ರ ಮಾಡಲೇಬೇಕು ಎಂದು ಗೆಳತಿಯ ಕ್ಯಾಮೆರಾ ತಂದು, ಅದೇ ಬಯಲಲ್ಲಿ ಇಬ್ಬರನ್ನೂ ನಿಲ್ಲಿಸಿದಳು. ಮುನೀಶ್ ದುಡಿದ, ಮಾದೇಶ್ ನಡೆದು ಬಂದ, ಕೈ ಚಾಚಿದ. ಇನ್ನೊಂದು ಸಲ. ಮತ್ತೊಂದು ಸಲ. ಐದನೇ ಸಲಕ್ಕೆ ಮುನೀಶ್ ಕೈ ಇಳಿಬಿಟ್ಟ.

"ಬ್ಯಾಡ ಬಿಡಮ್ಮಾ," ಎಂದ. "ಅವತ್ತು ಇವ್ನು ಬತ್ತಾನೆ ಅಂತ ನಂಗೊತ್ತಿರ್ಲಿಲ್ಲ. ಇವತ್ತು ಗೊತ್ತು. ಕೈ ಕಾಯ್ತಾ ನಿಂತ್ಕತದೆ. ಕಾಯೋ ಕೈ ಕೆಲಸ ಮಾಡಾಕಿಲ್ಲ."

ಚೈತನ್ಯಾ ಕ್ಯಾಮೆರಾ ಮುಚ್ಚಿದಳು. ಅವನು ಹೇಳಿದ್ದು ನಿಜ ಎಂದು ಅವಳಿಗೂ ಕಾಣುತ್ತಿತ್ತು.

ದಾರಿ ತೋರಿಸಿದವನು ಮಾದೇಶ್. "ನಿಮ್ಮೂರಲ್ಲಿ ಮಾರ್ಗಶಿರದಾಗೆ ಮಂಜಿಗೆ ಮುಂದಿನ ಮನುಷ್ಯ ಕಾಣಾಕಿಲ್ಲ ಕಣ್ಲಾ ಮುನೀಶ," ಎಂದು ಅವನ ಕಿವಿಗೆ ಬಾಯಿಟ್ಟು ಕೂಗಿದ. "ನೀನು ದಿನಾ ಹೊಲದಾಗೆ ನಿಂತ್ಕ. ನಾನು ಯಾವತ್ತಾದ್ರೂ ಬತ್ತೀನಿ. ಯಾವತ್ತು ಅಂತ ಹೇಳಾಕಿಲ್ಲ."

ಹಾಗೆ ಡಿಸೆಂಬರಿನಲ್ಲಿ ರಾಗಿ ಕೊಯ್ದ ಹೊಲದಲ್ಲಿ ಕೆಲಸ ಶುರುವಾಯಿತು. ಬೆಳಗ್ಗೆ ಆರೂವರೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನೆಲವೆಲ್ಲಿ ಮುಗಿಯಿತು, ಆಕಾಶವೆಲ್ಲಿ ಶುರುವಾಯಿತು ಹೇಳುವಂತಿರಲಿಲ್ಲ. ಅದರ ನಡುವೆ ನೀಲಿ ಅಂಗಿಯೊಂದು ತೇಲುತ್ತಿತ್ತು. ಕೈಗಳು ಬಿಳುಪಿನೊಳಗೆ ಹೋಗಿ ಮಾಯವಾಗಿ, ಏನನ್ನೋ ಹಿಡಿದುಕೊಂಡು ಹೊರಗೆ ಬರುತ್ತಿದ್ದವು. ಹಿಂದಕ್ಕೆ ಸರಿದು ಒತ್ತಿದಾಗ ಮಂಜೇ ಬಗ್ಗಿ ಎದ್ದ ಹಾಗೆ ಕಾಣುತ್ತಿತ್ತು. ದೂರದಲ್ಲಿ ತಳಿ ಬಸ್ಸಿನ ಹಾರನ್ನು, ಯಾವುದೋ ಹಸುವಿನ ಗಂಟೆ. ಮುನೀಶನಿಗೆ ಅದೂ ಇಲ್ಲ. ಅವನು ಎಡಗಡೆಗೆ ಕೊಟ್ಟದ್ದನ್ನು ತೆಗೆದುಕೊಳ್ಳಲು ಮೊದಲ ದಿನ ಯಾರೂ ಬರಲಿಲ್ಲ. ಎರಡನೇ ದಿನವೂ ಇಲ್ಲ.

ಮೂರನೇ ದಿನ ಮಾದೇಶ್ ಹೊರಟಿದ್ದ, ಆದರೆ ಬಸ್ಸು ತಡವಾಯಿತು. ಅದು ಇಲ್ಲಿ ಯಾರಿಗೂ ಗೊತ್ತಿಲ್ಲ. ಚೈತನ್ಯಾ ಕ್ಯಾಮೆರಾ ಹಿಂದೆ ಉಸಿರು ಹಿಡಿದು ಕೂತಿದ್ದಾಳೆ, ಮುನೀಶ್ ಅರೆಗಣ್ಣಲ್ಲಿ ಪಾಳಿಯಲ್ಲಿದ್ದಾನೆ, ಅಷ್ಟರಲ್ಲಿ ಪಾರ್ವತಮ್ಮ ಮನೆಯಿಂದ ಬಂದಳು.

"ಕಾಫಿ ಆರೋಯ್ತದೆ, ಬರ್ರೀ," ಎಂದು ಕೂಗಿದಳು. ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಕೂಗುವುದು ಅವಳ ರೂಢಿ. ಭುಜ ತಟ್ಟೋಣ ಎಂದು ಹತ್ತಿರ ಹೋದಳು. ಅವಳು ಹೋಗಿ ನಿಂತದ್ದು ಎಡಗಡೆಗೆ. ಅದೇ ಹೊತ್ತಿಗೆ ಮುನೀಶ್ ತಗಡು ತೆಗೆದು ಚಾಚಿದ.

ಪಾರ್ವತಮ್ಮ ಅವನ ಕೈಯನ್ನು ನೋಡಿದಳು. ಮುಖ ನೋಡಿದಳು. ಎರಡೂ ಕೈ ಒಡ್ಡಿ ಅದನ್ನು ತೆಗೆದುಕೊಂಡಳು. ತೂತು ಹೊಡೆಯುವುದು ಅವಳಿಗೆ ಗೊತ್ತಿಲ್ಲ. ಒಂದು ಗಳಿಗೆ ತಬ್ಬಿಬ್ಬಾಗಿ, ಸೆರಗು ಹಿಡಿದು ಮಡಿಲಿಗೆ ಹಾಕಿಕೊಂಡಳು. ಮುನೀಶ್ ಇನ್ನೊಂದು ಕೊಟ್ಟ. ಅದನ್ನೂ ಹಾಕಿಕೊಂಡಳು. ಹೀಗೆ ಎಷ್ಟೋ. ಕೊನೆಗೆ ಮಡಿಲು ಭಾರವಾದವಳ ಹಾಗೆ ಅವಳು ಸ್ವಲ್ಪ ಬಾಗಿದಾಗ, ಮುನೀಶ್ ಪಕ್ಕಕ್ಕೆ ತಿರುಗಿ ಕಣ್ಣು ತೆರೆದ.

"ನೀನೇನೇ!" ಎಂದ.

ಮಾದೇಶ್ ಎಂಟು ಗಂಟೆಗೆ ಬಂದು ಇಳಿದ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವನ್ನೂ ನೋಡಿದ. "ನನ್ ಜಾಗ ಅತ್ಗೆ ತಕ್ಕಂಡ್ರು," ಎಂದು ನಕ್ಕು ಕಣ್ಣೊರೆಸಿಕೊಂಡ. ಅವನು ಮತ್ತೆ ನಿಲ್ಲಲು ಒಪ್ಪಲಿಲ್ಲ. ಆರಿದ ಕಾಫಿಯನ್ನು ಕಾಯಿಸಿ ನಾಲ್ವರೂ ಕುಡಿದರು.

ಹನ್ನೊಂದು ನಿಮಿಷದ ಚಿತ್ರವಾಯಿತು. ಚೈತನ್ಯಾ ಮೊದಲು ಮೆಷಿನ್ನಿನ ಸದ್ದು ಸೇರಿಸಿದ್ದಳು, ಆಮೇಲೆ ತೆಗೆದುಹಾಕಿದಳು. ಮಾವಿನ ಕಾಲದಲ್ಲಿ ಕೃಷ್ಣಗಿರಿಯ ಒಂದು ಸಣ್ಣ ಸಭಾಂಗಣದಲ್ಲಿ ಅದನ್ನು ತೋರಿಸಿದರು. ಮುನೀಶ್, ಪಾರ್ವತಮ್ಮ ಇಬ್ಬರೂ ಒಗೆದ ಬಟ್ಟೆ ಉಟ್ಟು ಮುಂದಿನ ಸಾಲಲ್ಲಿ ಕೂತಿದ್ದರು. ದೀಪ ಹತ್ತಿದ ಮೇಲೆ ಹೆಂಗಸೊಬ್ಬರು ತಮಿಳಿನಲ್ಲಿ ಪಾರ್ವತಮ್ಮನನ್ನು ಕೇಳಿದರು: ಏನನ್ನು ತೆಗೆದುಕೊಂಡಿರಿ ಅಮ್ಮಾ, ಕೈಯಲ್ಲಿ ಏನಿತ್ತು?

ಪಾರ್ವತಮ್ಮ ಯೋಚಿಸಿದಳು. "ಏನೋ ಗೊತ್ತಿಲ್ಲ. ಬೆಚ್ಚಗಿತ್ತು," ಎಂದಳು.

ಚೈತನ್ಯಾ ಅದನ್ನು ಬರೆದು ತೋರಿಸಿದಾಗ ಮುನೀಶ್ ಹೆಂಡತಿಯ ಕಡೆ ತಿರುಗಿ ನೋಡಿಯೇ ನೋಡಿದ. ಪ್ರೆಸ್ಸಿನಿಂದ ಆಗ ತಾನೇ ತೆಗೆದ ತಗಡು ಬೆಚ್ಚಗೇ ಇರುತ್ತದೆ. ಅದನ್ನು ಅವನು ಯಾರಿಗೂ ಯಾವತ್ತೂ ಹೇಳಿರಲಿಲ್ಲ.

ಹೊಸೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಪಾರ್ವತಮ್ಮ ಅವನ ಕಿವಿಗೆ ಬಾಯಿಟ್ಟು ಕೂಗಿ ಕೇಳಿದಳು: "ಅಲ್ಲಾ, ಆ ತಗಡು ಯಾತಕ್ಕೆ ಹಾಕಾದು?"

"ಬೈಕಿನ ಸೀಟಿನ ಕೆಳೀಕೆ. ಸೀಟು ಅದರ ಮ್ಯಾಲೆ ಕೂರ್ತದೆ. ಮ್ಯಾಲಿಂದ ಕಾಣಾಕಿಲ್ಲ."

ಸಂಜೆಯ ಬಿಸಿಲಿನಲ್ಲಿ ಹೆದ್ದಾರಿ ಹೊಗೆಯಾಡಿದಂತೆ ಮಿನುಗುತ್ತಿತ್ತು. ಹೊಸೂರು ಬರುವವರೆಗೂ ಪಾರ್ವತಮ್ಮ ಕಿಟಕಿಗೆ ಹಣೆ ಒತ್ತಿ, ಬಸ್ಸನ್ನು ದಾಟಿ ಹೋಗುವ ಒಂದೊಂದು ಬೈಕಿನ ಸೀಟನ್ನೂ ನೋಡುತ್ತಾ ಕೂತಿದ್ದಳು.